ಬಾಯಿ ಬಿಚ್ಚುವ ದಿನ

ಆ ಮನೆಯ ಹಿರಿಯ ಮಗಳಿಗೆ ಜಂಬ ಇತ್ತು. ಇಷ್ಟೋ ಅಷ್ಟೋ ಅಲ್ಲ, ತಲೆಯ ಮೇಲೆ ಎರಡು ಕೊಂಬಿದ್ದಿದ್ದರೆ ಅವಕ್ಕೂ ದಿನಾ ಎಣ್ಣೆ ಹಚ್ಚಿ ಹೊಳಪು ಕೊಡುವಷ್ಟು ಇತ್ತು. ಆದರೆ ಅದು ಸುಳ್ಳು ಜಂಬವಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ನಕ್ಷತ್ರದ ಪಕ್ಕದಲ್ಲಿ ಗ್ರಹ ಹುಡುಕುವ ಕೆಲಸಕ್ಕೆ ಅವಳಂಥ ಕಣ್ಣು ಆ ಸಂಸ್ಥೆಯಲ್ಲಿ ಇನ್ನೊಂದಿರಲಿಲ್ಲ. ಅಲ್ಲಿ ಎಲ್ಲರೂ ಅವಳನ್ನು ಹದ್ದು ಎನ್ನುತ್ತಿದ್ದರು, ಬೆನ್ನ ಹಿಂದೆಯೂ ಎದುರಿಗೂ. ಮನೆಯಲ್ಲಿ ಅವಳು ಅಕ್ಕ. ನಮಗೂ ಅಕ್ಕನೇ ಇರಲಿ.

ಅಕ್ಕನ ಕೆಲಸವೇನು ಎಂಬುದನ್ನು ಅವಳ ಅಪ್ಪನ ಬಾಯಿಂದಲೇ ಕೇಳಬೇಕು. ಅಪ್ಪ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತರೂ ಅವನ ಬಾಯಿಗೆ ಬಿಡುವಿರಲಿಲ್ಲ. "ನೋಡಪ್ಪಾ, ದೂರದಿಂದ ರೈಲು ಬರ್ತಿದೆ ಅಂದ್ಕೋ. ಎಂಜಿನ್ ದೀಪ ಕಣ್ಣಿಗೆ ಹೊಡೀತಿದೆ. ಆ ದೀಪದ ಪಕ್ಕ ಯಾರೋ ಒಬ್ಬ ಸಿಗರೇಟು ಹಚ್ಕೊಂಡಿದಾನೆ. ಅದರ ಕೆಂಡ ಕಾಣುತ್ತಾ ನಿಂಗೆ? ಕಾಣಲ್ಲ. ನನ್ನ ದೊಡ್ಡ ಮಗಳಿಗೆ ಕಾಣುತ್ತೆ!" ಕ್ಷೌರದವನು ಈ ಕಥೆಯನ್ನು ಎಷ್ಟು ಸಲ ಕೇಳಿದ್ದನೆಂದರೆ, ಕೆಂಡ ಎನ್ನುವ ಹೊತ್ತಿಗೆ ತಾನೇ ಕತ್ತಿ ದೂರ ಸರಿಸಿ ನಿಲ್ಲುತ್ತಿದ್ದ.

ಅಪ್ಪ ಹೇಳಿದ್ದು ಮುಕ್ಕಾಲು ಪಾಲು ನಿಜ. ನಮಗೆ ಹತ್ತಿರವಿರುವ, ಚೆನ್ನಾಗಿ ಬೆಳಗುವ ನಕ್ಷತ್ರವನ್ನು ದೂರದ ಬೆಟ್ಟದ ಮೇಲಿನ ದೂರದರ್ಶಕ ನೋಡುತ್ತದೆ. ನಕ್ಷತ್ರದ ಬೆಳಕಿಗೆ ಸರಿಯಾಗಿ ಅಡ್ಡವಾಗುವ ಹಾಗೆ ಒಳಗೊಂದು ಪುಟ್ಟ ಕಪ್ಪು ಬಿಲ್ಲೆ ಇಟ್ಟಿರುತ್ತಾರೆ. ಬಿಸಿಲಿಗೆ ಅಂಗೈ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ಎಷ್ಟು ಅಡ್ಡ ಹಿಡಿದರೂ ಬೆಳಕು ಅಂಚಿನಿಂದ ಸೋರುತ್ತದೆ, ಚಿತ್ರದ ತುಂಬ ಕಲೆ ಬೀಳುತ್ತದೆ. ಅವುಗಳಲ್ಲಿ ಗ್ರಹ ಯಾವುದು, ಬರೀ ಕಲೆ ಯಾವುದು? ಅದಕ್ಕೊಂದು ಉಪಾಯವಿದೆ. ಕ್ಯಾಮೆರಾವನ್ನು ತಿರುಗಿಸದೆ ಬಿಟ್ಟರೆ ಆಕಾಶ ತನ್ನ ಪಾಡಿಗೆ ತಿರುಗುತ್ತದೆ. ಸೋರಿದ ಬೆಳಕಿನ ಕಲೆ ಇದ್ದಲ್ಲೇ ಕೂರುತ್ತದೆ, ಗ್ರಹ ಆಕಾಶದ ಜೊತೆ ಸರಿಯುತ್ತದೆ. ಕೂತದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಕಳೆದು, ಸರಿದದ್ದನ್ನು ಒಟ್ಟುಗೂಡಿಸಿ, ಹದ್ದಿನ ಮುಂದೆ ಇಡುತ್ತಿದ್ದರು. ಇಷ್ಟೆಲ್ಲ ಮಾಡಿದ ಮೇಲೂ ಸಾಮಾನ್ಯವಾಗಿ ಅಲ್ಲಿ ಏನೂ ಇರುತ್ತಿರಲಿಲ್ಲ.

ಏನೂ ಇಲ್ಲದ್ದನ್ನು ವರ್ಷಗಟ್ಟಲೆ ನೋಡಿದರೆ ಯಾರ ಕಣ್ಣಾದರೂ ಮಂಕಾಗುತ್ತದೆ. ಅದೂ ಅಲ್ಲದೆ, "ಇಲ್ಲಿ ಗ್ರಹವಿಲ್ಲ" ಎಂದರೆ ಯಾರು ನಂಬಬೇಕು? ಇದ್ದಿದ್ದರೆ ಇವರಿಗೆ ಕಾಣುತ್ತಿತ್ತು ಅನ್ನುವುದಕ್ಕೆ ಏನು ಖಾತ್ರಿ? ಹಾಗಾಗಿ ಆ ಗುಂಪಿನ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎನ್ನುತ್ತಿದ್ದವರು, ಒಂದು ಪದ್ಧತಿ ಮಾಡಿದ್ದರು. ಗುಂಪಿನ ಒಬ್ಬರು ಯಾರಿಗೂ ತಿಳಿಯದ ಹಾಗೆ ಕೆಲವು ನಕ್ಷತ್ರಗಳ ಚಿತ್ರಗಳಲ್ಲಿ ಸುಳ್ಳು ಗ್ರಹ ನೆಡಬೇಕು. ಆ ಕೆಲಸಕ್ಕೆ ಇಟ್ಟ ಹೆಸರು ಕಳ್ಳ. ಹುಡುಕುವವರು ಕಂಡ ಪ್ರತಿಯೊಂದು ಚುಕ್ಕೆಗೂ ಎರಡರಲ್ಲಿ ಒಂದು ಮಾತು ಹೇಳಬೇಕು: ನಮ್ಮದು, ಇಲ್ಲವೇ ಆಕಾಶದ್ದು. ಎಲ್ಲ ಮುಗಿದ ಮೇಲೆ ಒಂದು ದಿನ ಪರದೆ ಎಳೆದ ಕೋಣೆಯಲ್ಲಿ ಚಿತ್ರಗಳನ್ನು ಪ್ರೊಜೆಕ್ಟರಿನಿಂದ ಗೋಡೆಯ ಹಲಗೆಯ ಮೇಲೆ ಬಿಡುತ್ತಾರೆ, ಕಳ್ಳ ಎದ್ದು ಬಂದು ತಾನು ನೆಟ್ಟ ಚುಕ್ಕೆಗಳ ಸುತ್ತ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಾನೆ. ಅದು ಬಾಯಿ ಬಿಚ್ಚುವ ದಿನ.

ನಿಯಮಗಳೂ ಇದ್ದವು. ಕಳ್ಳ ರೆಪ್ಪೆ ಅಲ್ಲಾಡಿಸಿಯೂ ಸುಳಿವು ಕೊಡಬಾರದು. ಒಂದು ಚುಕ್ಕೆಯ ವಿಷಯದಲ್ಲಿ ತಪ್ಪಿದವರು ಆ ಚುಕ್ಕೆಯನ್ನು ಬೇರೆಯವರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಕು. ಕೋಣೆಯಲ್ಲಿ ನಡೆದದ್ದು ಕೋಣೆಯಲ್ಲೇ ಉಳಿಯಬೇಕು. ಅಕ್ಕ ಇದುವರೆಗೆ ಒಂದೇ ಒಂದು ಚುಕ್ಕೆಯಲ್ಲಿ ತಪ್ಪಿರಲಿಲ್ಲ. ನೆಟ್ಟದ್ದನ್ನು ನಮ್ಮದು ಎಂದಳು, ಉಳಿದದ್ದನ್ನು ಆಕಾಶದ್ದು ಎಂದಳು. ಆಕಾಶದ್ದೆಂದವೆಲ್ಲ ಕೊನೆಗೆ ಬಹುದೂರದ, ಹಿಂದೆ ನಿಂತ ಬಡಪಾಯಿ ನಕ್ಷತ್ರಗಳಾದವು, ಅದು ಬೇರೆ ಮಾತು. ಗ್ರಹ ಸಿಗದಿದ್ದರೂ ಹದ್ದಿನ ಹೆಸರಿಗೆ ಒಂದು ಗೀಚು ಬಿದ್ದಿರಲಿಲ್ಲ.

ಈಗ ತಂಗಿಯ ವಿಷಯ. ತಂಗಿ ಅಕ್ಕನಿಗಿಂತ ಬಹಳ ಚಿಕ್ಕವಳು. ತಾಯಿ ತೀರಿಕೊಂಡಾಗ ಅವಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು, ಕಾಲು ಅರ್ಧದ ಭಿನ್ನರಾಶಿ ಕಲಿಸಿದವಳು, ಎರಡು ಬಾರಿಸಿದವಳು, ಆಮೇಲೆ ತಾನೇ ಅತ್ತವಳು ಎಲ್ಲ ಅಕ್ಕನೇ. ಅವಳು ಬೆಳೆದು, ಓದಿ, ಅದೇ ಸಂಸ್ಥೆಗೆ ಬಂದು, ಚಿತ್ರ ಶುದ್ಧ ಮಾಡುವ ಪ್ರೋಗ್ರಾಮು ಬರೆಯುವುದರಲ್ಲಿ ಎಲ್ಲರನ್ನೂ ಮೀರಿಸಿದಳು. ಹಳೆಯ ಕಳ್ಳನಿಗೆ ವರ್ಗವಾದಾಗ ದೊಡ್ಡವರು ಆ ಕೆಲಸವನ್ನು ಅವಳಿಗೇ ವಹಿಸಿದರು.

"ಬೇಡ ಸಾರ್," ಎಂದಳು ಅಕ್ಕ. "ಒಂದೇ ಮನೇಲಿ ಇದೀವಿ. ಜನ ಏನಾದ್ರೂ ಅಂತಾರೆ."

"ಜನಕ್ಕೇನಮ್ಮಾ, ಊರ ಬಾಯಿಗೆ ಮುಚ್ಚಳ ಹಾಕೋಕಾಗುತ್ತಾ? ಅವಳ ಬಾಯಿ ಎಂಥದ್ದು ಅಂತ ನಂಗೆ ಗೊತ್ತು," ಎಂದು ದೊಡ್ಡವರು ಮಾತು ಮುಗಿಸಿದರು. ಅಂದಿನಿಂದ ತಂಗಿ ಕಳ್ಳಿಯಾದಳು.

ಜನ ಅನ್ನದೆ ಬಿಟ್ಟಾರೆಯೇ? ಮೇಲಿನ ಮಹಡಿಯಲ್ಲಿ ಒಬ್ಬರಿದ್ದರು, ಆಕಾಶ ನೋಡದೆ ಬರೀ ಸಮೀಕರಣ ಬಿಡಿಸುವವರು, ಲೆಕ್ಕದ ಮೇಷ್ಟ್ರು ಅಂತಲೇ ಪ್ರಸಿದ್ಧರು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಅವರು ಅಕ್ಕನಿಗೆ ಕೇಳಿಸುವ ಹಾಗೆಯೇ ಪಕ್ಕದವರಿಗೆ ಹೇಳಿದರು: "ತಂಗಿ ಬಚ್ಚಿಡೋಳು, ಅಕ್ಕ ಹುಡುಕೋಳು. ಊಟ ಒಂದೇ ಮೇಜಲ್ಲಿ. ಇಂಥ ಕಣ್ಣಾಮುಚ್ಚಾಲೆ ಆಡೋಕೆ ಪುಣ್ಯ ಬೇಕು ಬಿಡಿ." ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅಂದು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದಲ್ಲ ಎಂದು ಸುಮ್ಮನಾದಳು. ಊಟ ಮಾತ್ರ ಸೇರಲಿಲ್ಲ. ತನ್ನನ್ನು ಅಂದರೆ ಅನ್ನಲಿ, ಆ ಹುಡುಗಿಯ ನಿಯತ್ತಿಗೆ ಮಸಿ ಬಳಿಯುತ್ತಾನಲ್ಲ, ಇವನ ಬಾಯಿಗೆ ಬೆಂಕಿ ಬೀಳ!

ಹೀಗಿರುವಾಗ ಆ ಚುಕ್ಕೆ ಕಾಣಿಸಿತು.

ನಕ್ಷತ್ರ ಇನ್ನೂ ಎಳೆಯದು. ಎಳೆಯ ನಕ್ಷತ್ರದ ಗ್ರಹಗಳೂ ಎಳೆಯವು, ಒಲೆಯಿಂದ ಈಗಷ್ಟೇ ಇಳಿಸಿದ ಪಾತ್ರೆಯ ಹಾಗೆ ಇನ್ನೂ ಬಿಸಿ ಆರಿರುವುದಿಲ್ಲ, ಆ ಬಿಸಿಗೇ ಮಿನುಗುತ್ತವೆ. ಕಪ್ಪು ಬಿಲ್ಲೆಯ ಬಲಗಡೆ, ಕೊಂಚ ಕೆಳಗೆ, ಒಂದು ದುಂಡನೆಯ ಚುಕ್ಕೆ ಕೂತಿತ್ತು. ಅಕ್ಕ ಚಿತ್ರಗಳನ್ನು ಅರ್ಧರ್ಧ ಭಾಗ ಮಾಡಿ ನೋಡಿದಳು, ಎರಡರಲ್ಲೂ ಇತ್ತು. ಬೇರೆ ಬಣ್ಣದ ಫಿಲ್ಟರಿನಲ್ಲಿ ತೆಗೆದದ್ದನ್ನು ನೋಡಿದಳು, ಇತ್ತು. ತೆಳುಮೋಡ ಹಾದುಹೋದ ಹೊತ್ತಿನ ಚಿತ್ರಗಳನ್ನಷ್ಟೇ ಆರಿಸಿ ಕೂಡಿಸಿದಳು. ಚುಕ್ಕೆ ಅಲ್ಲೂ ಇತ್ತು, ಆದರೆ ಮೋಡಕ್ಕೆ ತಕ್ಕಷ್ಟು ಮಂಕಾಗಿತ್ತು. ಹಿಂದಿನ ಬಾಯಿ ಬಿಚ್ಚುವ ದಿನಗಳಲ್ಲಿ ನೋಡಿ ನೋಡಿ, ತಂಗಿ ನೆಡುತ್ತಿದ್ದ ಚುಕ್ಕೆಗಳ ಗುಟ್ಟು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು: ಅವು ಮೋಡಕ್ಕೆ ಜಗ್ಗುತ್ತಿರಲಿಲ್ಲ, ಕಾರ್ಮೋಡ ಬಂದರೂ ಠೀವಿಯಿಂದ ಬೆಳಗುತ್ತಿದ್ದವು. ಇದು ಮಂಕಾಗಿತ್ತು. ಎಂದರೆ ಆಕಾಶದ್ದು.

ಅಕ್ಕ ಎದ್ದು ನೀರು ಕುಡಿದಳು. ಒಂದೇ ಒಂದು ಗ್ರಹ, ತನ್ನ ಕಣ್ಣಾರೆ, ಇಷ್ಟು ವರ್ಷ ಅವಳು ಬೇಡಿದ್ದು ಅಷ್ಟೇ. ಅಂದು ಮನೆಗೆ ಹೋಗುವಾಗ ಅವಳು ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು.

ಮರುದಿನ ಬೆಳಿಗ್ಗೆ ಎದ್ದು ಬಂದರೆ, ತಂಗಿ ಬಾಗಿಲ ಬಳಿ ಚಕ್ಕಳಮಕ್ಕಳ ಹಾಕಿ ಕೂತು ಮನೆಯವರೆಲ್ಲರ ಬೂಟಿಗೆ ಪಾಲಿಶ್ ಹಾಕುತ್ತಿದ್ದಾಳೆ!

ಅಕ್ಕನ ನಗು ಅಲ್ಲೇ ಆರಿತು. ಏಕೆಂದರೆ ತಂಗಿಯ ಈ ಚಾಳಿ ಇಂದು ನಿನ್ನೆಯದಲ್ಲ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಕಿಟಕಿ ಗಾಜು ಒಡೆದ ದಿನ ಮನೆಯ ಬೂಟುಗಳೆಲ್ಲ ಹೊಳೆದಿದ್ದವು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ದಿನ ಅಪ್ಪನ ಹರಿದ ಬೂಟೂ ಹೊಳೆದಿತ್ತು. ಒಳಗೆ ಏನಾದರೂ ಬಚ್ಚಿಟ್ಟುಕೊಂಡರೆ ಅವಳ ಕೈ ತಾನಾಗಿ ಬ್ರಷ್ ಹುಡುಕುತ್ತಿತ್ತು.

"ಏನೇ ಇದು, ಬೆಳಿಗ್ಗೆ ಬೆಳಿಗ್ಗೆ?" ಎಂದಳು ಅಕ್ಕ.

"ಧೂಳಾಗಿತ್ತು ಅಕ್ಕಾ," ಎಂದಳು ತಂಗಿ, ತಲೆ ಎತ್ತದೆ. ಕಿವಿ ಕೆಂಪಾಗಿತ್ತು.

ಒಳಗಿನಿಂದ ಅಪ್ಪ ಕೂಗಿದ: "ಏನೋ ಕಿತಾಪತಿ ಮಾಡಿದಾಳೆ ಕಣೇ! ಟಿಕೆಟ್ ಇಲ್ದೋನ ಮುಖ ನಾನು ಡಬ್ಬಿ ಹತ್ತೋಕೆ ಮುಂಚೇನೇ ಹೇಳ್ತಿದ್ದೆ." ಅಪ್ಪನ ಈ ವಿದ್ಯೆ ತನಗೂ ಬಂದಿದೆ ಎಂದು ಅಕ್ಕನಿಗೆ ನಂಬಿಕೆ. ತಂಗಿಯ ಕೆಂಪು ಕಿವಿ ನೋಡಿದಳು, ಹೊಳೆಯುವ ಬೂಟು ನೋಡಿದಳು. ನೆಟ್ಟಿದ್ದಾಳೆ. ಅಕ್ಕ ಮೋಡದ ಗುಟ್ಟು ಹಿಡಿದದ್ದು ಕಳ್ಳಿಗೆ ತಿಳಿದುಹೋಗಿದೆ, ಈ ಸಲ ಮೋಡಕ್ಕೆ ತಕ್ಕ ಹಾಗೆ ಚುಕ್ಕೆಯನ್ನು ಮಂಕು ಮಾಡುವುದನ್ನೂ ಕಲಿತುಬಿಟ್ಟಿದ್ದಾಳೆ. ಅದಕ್ಕೇ ಈ ಪಾಲಿಶ್ಶು!

ಇಲ್ಲಿ ಒಂದು ಮಾತು ಹೇಳಲೇಬೇಕು. ಅಕ್ಕನಿಗೆ ದುಃಖವಾಯಿತು, ನಿಜ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! ಆದರೆ ಅದರ ಹಿಂದೆಯೇ ಒಂದು ಹೆಮ್ಮೆಯೂ ಉಕ್ಕಿತು. ಎಂಥ ಕೈಚಳಕ! ಹದ್ದಿನ ಕಣ್ಣಿಗೇ ಮಣ್ಣೆರಚುವಷ್ಟು ಬೆಳೆದಳಲ್ಲ ನನ್ನ ಹುಡುಗಿ! ಭಿನ್ನರಾಶಿ ತಿಳಿಯದೆ ಅಳುತ್ತಿದ್ದವಳು! ಚಿತ್ರ ಆಕಾಶದ್ದು ಎನ್ನುತ್ತಿತ್ತು, ತಂಗಿಯ ಮುಖ ನಮ್ಮದು ಎನ್ನುತ್ತಿತ್ತು. ಅಕ್ಕ ಮುಖವನ್ನು ನಂಬಿದಳು. ಆ ದಿನವೇ ಆ ಚುಕ್ಕೆಗೆ ತನ್ನ ಮಾತು ಹೇಳಿಬಿಟ್ಟಳು: ನಮ್ಮದು.

ಬಾಯಿ ಬಿಚ್ಚುವ ದಿನ ಬಂತು. ಪರದೆ ಎಳೆದರು, ಚಿತ್ರಗಳನ್ನು ಹಲಗೆಯ ಮೇಲೆ ಬಿಟ್ಟರು. ಕೋಣೆಯಲ್ಲಿ ಗುಂಪಿನವರು ಬಿಟ್ಟರೆ ಬೇರೆ ಯಾರೂ ಇಲ್ಲ. ತಂಗಿ ಸೀಮೆಸುಣ್ಣ ಹಿಡಿದು ಎದ್ದಳು. ಮೊದಲ ನಕ್ಷತ್ರದ ಎಡಗಡೆ ಒಂದು ಸುತ್ತು ಹಾಕಿದಳು. ಅಕ್ಕ ಅದನ್ನು ಹಿಡಿದಿದ್ದಳು, ಎಲ್ಲರೂ ತಲೆದೂಗಿದರು. ಮುಂದೆ ಇನ್ನೊಂದರ ಮೇಲೆ ಸುತ್ತು, ಅದನ್ನೂ ಹಿಡಿದಿದ್ದಳು. ಆಮೇಲೆ ಆ ಎಳೆಯ ನಕ್ಷತ್ರ ಬಂತು. ಬಲಗಡೆ, ಕೊಂಚ ಕೆಳಗೆ, ದುಂಡನೆಯ ಚುಕ್ಕೆ. ಅಕ್ಕ ಕೈಕಟ್ಟಿ, ಗಲ್ಲ ಎತ್ತಿ, ತಂಗಿಗೆ ಭಲೇ ಎನ್ನಲು ಸಿದ್ಧವಾಗಿ ಕೂತಿದ್ದಳು.

ತಂಗಿ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು.

"ಮುಗೀತು," ಎಂದಳು. "ನಾನು ನೆಟ್ಟಿದ್ದು ಅಷ್ಟೇ."

ದೊಡ್ಡವರು ಕನ್ನಡಕ ತೆಗೆದು, ಒರೆಸದೆ ಮತ್ತೆ ಹಾಕಿಕೊಂಡರು. "ಇದು?" ಎಂದರು.

"ಅದು ನನ್ನದಲ್ಲ ಸಾರ್. ಮೊದಲಿಂದ್ಲೂ ನನ್ನದಲ್ಲ." ಅಷ್ಟು ಹೇಳಿ ತಂಗಿ ಅಕ್ಕನ ಕಡೆ ನೋಡಿದಳು, ಕಣ್ಣಿನಿಂದ ದಳದಳ ನೀರು ಇಳಿಯಿತು. "ಚಿತ್ರ ಶುದ್ಧ ಮಾಡಿದ ದಿನವೇ ನೋಡಿದ್ದೆ ಅಕ್ಕಾ. ನೀನು ಆಕಾಶದ್ದು ಅಂತೀಯಾ ಅಂತ ಕಾಯ್ತಾ ಇದ್ದೆ. ನೀನು ನಮ್ಮದು ಅಂದಾಗ ನಂಗೆ ಊಟ ಸೇರಲಿಲ್ಲ."

ಅಕ್ಕನಿಗೆ ಆಗ ಅರ್ಥವಾಯಿತು. ಆ ಚುಕ್ಕೆ ನೆಟ್ಟದ್ದಲ್ಲ ಎಂದು ಇಡೀ ಲೋಕದಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ. ಅಕ್ಕ ಅಂದು ನಗುತ್ತ ಮನೆಗೆ ಬಂದದ್ದು ನೋಡಿ ಹುಡುಗಿ ಬಚ್ಚಿಟ್ಟುಕೊಂಡದ್ದು ಕಿತಾಪತಿಯನ್ನಲ್ಲ, ಸಂತೋಷವನ್ನು. ಬೂಟು ಹೊಳೆದದ್ದು ಅದಕ್ಕೆ. ತನ್ನ ಕಣ್ಣು ಸರಿಯಾಗಿಯೇ ಕಂಡಿತ್ತು, ತಾನೇ ಅದರ ಮಾತು ಕೇಳಲಿಲ್ಲ. ನಿಯಮದ ಪ್ರಕಾರ ಅಕ್ಕ ಚುಕ್ಕೆಯನ್ನು ದೊಡ್ಡವರಿಗೆ ಒಪ್ಪಿಸಿದಳು, ಇನ್ನು ಅದನ್ನು ಮುಟ್ಟುವ ಹಾಗಿಲ್ಲ. ದೊಡ್ಡವರು ಬಾಗಿಲವರೆಗೆ ಬಂದು, "ಕೋಣೆಯ ಮಾತು ಕೋಣೆಯಲ್ಲೇ ಇರುತ್ತಮ್ಮಾ. ಹದ್ದಿನ ಹೆಸರು ಹಾಗೇ ಇರುತ್ತೆ," ಎಂದರು. ಅಕ್ಕ ಹೂಂ ಎಂದಳು.

ಯಾರಿಗೂ ಹೇಳುವುದಿಲ್ಲ ಎಂದು ಆಣೆಯಿಟ್ಟು ಮನೆಯಲ್ಲಿ ಕೇಳಿಸಿಕೊಂಡ ಅಪ್ಪ ತಲೆ ಕೆರೆದುಕೊಂಡ. ಕೊನೆಗೆ, "ಒಂದು ಮಾತು ನಿಮಗೆ ಯಾವತ್ತೂ ಹೇಳಿಲ್ಲ," ಎಂದ. "ಮುಖ ನೋಡಿ ಹಿಡಿದವರಲ್ಲಿ ಎಷ್ಟೋ ಜನದ ಜೇಬಲ್ಲಿ ಟಿಕೆಟ್ ಇರ್ತಿತ್ತು. ಟಿಕೆಟ್ ಇದ್ದೋರೂ ಬೆವರ್ತಾರೆ ಕಣೇ."

"ಇದನ್ನ ಈಗ ಹೇಳ್ತೀಯಲ್ಲಪ್ಪಾ!" ಎಂದು ಅಕ್ಕ ಸಿಡಿದಳು. ಆಮೇಲೆ ಮೂವರೂ ನಕ್ಕರು, ನಗುವಾಗ ಅಕ್ಕನ ಕಣ್ಣಲ್ಲಿ ಮಾತ್ರ ನೀರಿತ್ತು.

ಚುಕ್ಕೆ ಆಕಾಶದ್ದಾದರೆ ಗ್ರಹವೇ ಆಯಿತೆಂದಲ್ಲ. ಹಿಂದೆ ನಿಂತ ನಕ್ಷತ್ರವೂ ಆಗಿರಬಹುದು. ಅದಕ್ಕೆ ಒಂದು ವರ್ಷ ಕಾಯಬೇಕು. ಹತ್ತಿರದ ನಕ್ಷತ್ರ ಅಷ್ಟರಲ್ಲಿ ಆಕಾಶದಲ್ಲಿ ಕೂದಲೆಳೆಯಷ್ಟು ಸರಿಯುತ್ತದೆ. ಚುಕ್ಕೆ ಅದರ ಜೊತೆಗೇ ಸರಿದರೆ ಗ್ರಹ, ಇದ್ದಲ್ಲೇ ಉಳಿದರೆ ಯಾರೋ ದೂರದವರು. ಇದನ್ನು ಅಪ್ಪ ಒಂದೇ ಸಲಕ್ಕೆ ಹಿಡಿದ. "ಗೊತ್ತಾಯ್ತು ಬಿಡು. ಪ್ಲಾಟ್‌ಫಾರ್ಮಲ್ಲಿ ಎಲ್ಲರೂ ಕಿಟಕಿ ಪಕ್ಕಾನೇ ನಿಂತಿರ್ತಾರೆ. ರೈಲು ಬಿಟ್ಟ ಮೇಲೇ ಗೊತ್ತಾಗೋದು, ಪ್ರಯಾಣಿಕ ಯಾರು, ಕಳಿಸೋಕೆ ಬಂದೋನು ಯಾರು ಅಂತ." ಕ್ಷೌರದಂಗಡಿಗೆ ಹೊಸ ಕಥೆ ಸಿಕ್ಕಿತು.

ವರ್ಷ ತುಂಬಿತು. ಈ ಸಲ ಬೇರೊಂದು ದೂರದರ್ಶಕದಲ್ಲಿ ನೋಡಿದರು. ನಕ್ಷತ್ರ ಸರಿದಿತ್ತು, ಚುಕ್ಕೆಯೂ ಅದರ ಜೊತೆಗೇ ಹೊರಟುಬಂದಿತ್ತು. ಗ್ರಹ! ದೊಡ್ಡವರು ತಮ್ಮ ವಯಸ್ಸು ಮರೆತು ಮೆಟ್ಟಿಲನ್ನು ಎರಡೆರಡು ಹಾರಿ ಇಳಿದು ಬಂದು ಹೇಳಿದರು. ಅಕ್ಕ ಅವರ ಕೈ ಕುಲುಕಿದಳು. ಒಳಗೊಂದು ಮುಳ್ಳು ಚುಚ್ಚಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮುಳ್ಳಿಗಿಂತ ಸಂತೋಷ ದೊಡ್ಡದಿತ್ತು.

ಸಭೆಯ ದಿನ ಬೆಳಿಗ್ಗೆ ಬಾಗಿಲ ಬಳಿ ಮತ್ತೆ ಮೂರು ಜೊತೆ ಬೂಟು ಫಳಫಳ ಹೊಳೆಯುತ್ತಿದ್ದವು. ಅಕ್ಕ ಈ ಸಲ ಊಹಿಸಲು ಹೋಗಲಿಲ್ಲ, ನೇರವಾಗಿ ಕೇಳಿದಳು: "ಏನೇ ಬಚ್ಚಿಟ್ಕೊಂಡಿದೀಯಾ?"

"ಭಯ," ಎಂದಳು ತಂಗಿ. "ಮೇಷ್ಟ್ರು ಇವತ್ತು ಎಲ್ಲರ ಮುಂದೆ ಕೇಳ್ತಾರೆ ಅಕ್ಕಾ. ನಂಗೆ ಗೊತ್ತು."

ಸಭಾಂಗಣ ಕಿಕ್ಕಿರಿದಿತ್ತು. ಅಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿ ಕೊನೆಯ ಸಾಲಿನಲ್ಲಿ ಕೂತಿದ್ದ, ಅವನ ಪಕ್ಕದಲ್ಲಿ ತಂಗಿ. ಅಕ್ಕ ಮೂರನೆಯ ಸಾಲಿನಲ್ಲಿ. ದೊಡ್ಡವರು ಗ್ರಹವನ್ನು ತೋರಿಸಿದರು, ಚಪ್ಪಾಳೆ ಬಿತ್ತು. ಉಳಿದ ನಕ್ಷತ್ರಗಳ ಸುತ್ತ ಇಷ್ಟು ದೊಡ್ಡ ಗ್ರಹ ಇದ್ದಿದ್ದರೆ ನಮಗೆ ಕಾಣುತ್ತಿತ್ತು, ಅಲ್ಲಿ ಇಲ್ಲ, ಎಂದೂ ಹೇಳಿದರು. ಬಾಯಿ ಬಿಚ್ಚುವ ದಿನದ ಮಾತು ಎತ್ತಲಿಲ್ಲ.

ಲೆಕ್ಕದ ಮೇಷ್ಟ್ರು ಎದ್ದರು. "ಗ್ರಹ ಸರಿ, ಒಪ್ಪಿದೆ. ಆದರೆ ಇಲ್ಲ ಅಂತೀರಲ್ಲ, ಅದನ್ನ ಹೇಗೆ ಒಪ್ಪೋದು? ನಿಮ್ಮಲ್ಲಿ ಸುಳ್ಳು ಚುಕ್ಕೆ ನೆಡೋರು ತಂಗಿ, ಹಿಡಿಯೋರು ಅಕ್ಕ. ಒಂದು ಸಲಾನೂ ತಪ್ಪಿಲ್ಲ ಅಂತ ಕೇಳಿದೀನಿ. ಮನುಷ್ಯರ ಕಣ್ಣು ತಪ್ಪದೇ ಇರುತ್ತಾ? ತಂಗಿ ಅಕ್ಕನಿಗೆ ಹೇಳಿಲ್ಲ ಅನ್ನೋಕೆ ಸಾಕ್ಷಿ ಏನು?"

ಅಕ್ಕ ತಿರುಗಿ ನೋಡಿದಳು. ತಂಗಿ ತಲೆ ತಗ್ಗಿಸಿ ತನ್ನ ಹೊಳೆಯುವ ಬೂಟನ್ನೇ ನೋಡುತ್ತಿದ್ದಳು. ದೊಡ್ಡವರು ಅಕ್ಕನ ಕಡೆ ನೋಡಿ, ಬೇಡ ಎನ್ನುವ ಹಾಗೆ ಮೆಲ್ಲನೆ ತಲೆಯಾಡಿಸಿದರು. ಒಂದು ಮಾತು ಆಡಿದರೆ ಹದ್ದಿನ ಹೆಸರು ಇಷ್ಟು ಜನರ ಮುಂದೆ ಮಣ್ಣುಪಾಲು. ಆಡದಿದ್ದರೆ ಹುಡುಗಿಯ ಮೇಲೆ ಬಿದ್ದ ಮಸಿ ಜನ್ಮಕ್ಕೂ ಹೋಗುವುದಿಲ್ಲ. ಅಕ್ಕ ಎದ್ದು ನಿಂತಳು. ಇದಕ್ಕೆ ಹೆಚ್ಚು ಯೋಚಿಸಬೇಕಾಗಲಿಲ್ಲ.

"ಸಾಕ್ಷಿ ನಾನೇ ಮೇಷ್ಟ್ರೇ," ಎಂದಳು. "ಹುಡುಕೋರಲ್ಲಿ ಈ ಗ್ರಹಾನ ಮೊದಲು ನೋಡಿದ್ದು ನಾನು. ನೋಡಿದ್ಮೇಲೆ, ಇದು ನನ್ನ ತಂಗಿ ನೆಟ್ಟಿದ್ದು, ಸುಳ್ಳು ಅಂತ ಹೇಳಿ ಹೊಡೆದುಹಾಕಿದ್ದೂ ನಾನೇ."

ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ಯಾರೋ ನಕ್ಕರು. ಅಕ್ಕ ನಗು ನಿಲ್ಲುವವರೆಗೆ ಕಾದಳು.

"ನಗಿ, ನಾನೂ ನಕ್ಕಿದೀನಿ. ಈಗ ಲೆಕ್ಕ ಹಾಕಿ, ಅದು ನಿಮ್ಮ ಕೆಲಸ. ಇದು ಸುಳ್ಳು ಚುಕ್ಕೆ ಅಲ್ಲ ಅಂತ ಗೊತ್ತಿದ್ದೋಳು ಅವಳೊಬ್ಬಳೇ. ಅವಳನ್ನ ಎತ್ತಿ ಆಡಿಸಿದೋಳು ನಾನು. ಒಂದೇ ಮನೆ, ಒಂದೇ ಮೇಜು, ಎದುರುಬದುರು ಕೂತು ಊಟ. ಒಂದು ಸಲ ಕೆಮ್ಮಿದ್ರೆ ಸಾಕಿತ್ತು, ಇವತ್ತು ಅಲ್ಲಿ ನಾನು ನಿಂತಿರ್ತಿದ್ದೆ. ನಾನು ನನ್ನ ಬಾಳಿನ ಗ್ರಹಾನ ಕೈಯಾರೆ ಎಸೀತಿದ್ರೆ ಅವಳು ನೋಡ್ತಾ ಕೂತಳು, ಊಟ ಬಿಟ್ಟಳು, ಬಾಯಿ ಬಿಡಲಿಲ್ಲ. ಇದನ್ನೇ ಹೇಳದೋಳು ಬೇರೆ ಯಾವುದನ್ನ ಹೇಳಿರ್ತಾಳೆ?"

ಮೇಷ್ಟ್ರು ಲೆಕ್ಕದ ಮನುಷ್ಯ, ಲೆಕ್ಕ ಸರಿಹೋದದ್ದು ತಿಳಿಯದೆ ಇರುತ್ತದೆಯೇ? "ಸರಿಯಮ್ಮಾ," ಎಂದರು, ಕೊನೆಯ ಸಾಲಿನ ಕಡೆ ತಿರುಗಿ. "ನನ್ನ ಮಾತು ವಾಪಸ್ ತಗೊಂಡೆ." ಕೂತರು.

ಅಕ್ಕ ಕೂರುವ ಮುಂಚೆ ಹಿಂದೆ ತಿರುಗಿ, ಜೀವಮಾನದಲ್ಲಿ ಯಾವ ನಕ್ಷತ್ರವನ್ನೂ ಹಾಗೆ ನೋಡದವಳು, ತಂಗಿಯನ್ನು ಕಣ್ತುಂಬ ನೋಡಿದಳು. ತಂಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಪಕ್ಕದಲ್ಲಿ ಅಪ್ಪ ಎದ್ದು ನಿಂತಿದ್ದ. ಸಭೆ ಗಿಭೆ ಅವನಿಗೆ ಯಾವ ಲೆಕ್ಕ? ರೈಲಿನ ಡಬ್ಬಿಯಲ್ಲಿ ಟಿಕೆಟ್ ಕೇಳುವ ಗಂಟಲಿನಲ್ಲೇ ಮುಂದಿನ ಸಾಲಿನವರಿಗೆ ಹೇಳುತ್ತಿದ್ದ:

"ಇಬ್ರೂ ನನ್ನ ಮಕ್ಳೇ ಕಣ್ರೀ! ಅವಳೂ, ಇವಳೂ. ಇಬ್ರೂ ನನ್ನವರೇ!"

ಬೇರೆ ದಿನವಾಗಿದ್ದರೆ ಅಕ್ಕ ಅಪ್ಪನನ್ನು ಗದರಿ ಕೂರಿಸುತ್ತಿದ್ದಳು. ಅಂದು ಬಿಟ್ಟಳು, ಕೂಗಲಿ ಎಂದು.